ಮುದುಕಿಮಂಡಿ ಗಿಡಕ್ಕೆ ಆ ಹೆಸರು ಬಂದ ಬಗೆ

೧

ಈ ಕಥೆಯನ್ನು ಗಿಡದಿಂದ ಶುರುಮಾಡುವುದೋ ಮಂಡಿಯಿಂದ ಶುರುಮಾಡುವುದೋ ಇನ್ನೂ ತೀರ್ಮಾನವಾಗಿಲ್ಲ. ಗಿಡದಿಂದ ಶುರುಮಾಡಿದರೆ ಇದೇನೋ ತೋಟಗಾರಿಕೆಯ ಅಂಕಣವೆಂದು ನೀವು ಪುಟ ಮಗುಚುತ್ತೀರಿ. ಮಂಡಿಯಿಂದ ಶುರುಮಾಡಿದರೆ ಹಿರಿಯರಿಗೆ ಆರೋಗ್ಯ ಸಲಹೆ ಎಂದುಕೊಂಡು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತೀರಿ. ಎರಡೂ ನನಗೆ ಬೇಡ.

‘ಒಬ್ಬ ಮುದುಕಿಯಿದ್ದಳು’ ಎಂದು ಒಂದು ಡ್ರಾಫ್ಟ್ ಶುರುಮಾಡಿದ್ದೆ. ಸ್ವಲ್ಪ ದೂರ ಹೋದ ಮೇಲೆ ಆಕೆ ಮುದುಕಿಯೇ ಅಲ್ಲ ಎಂದು ಗೊತ್ತಾಯಿತು. ಆ ಡ್ರಾಫ್ಟನ್ನು ಕೈಬಿಟ್ಟೆ.

೧ (ಇನ್ನೊಮ್ಮೆ)

ಒಂದು ಮೇಜು. ಮೇಜಿನ ಮೇಲೆ ಸಸ್ಯನಾಮಗಳ ನಿಘಂಟಿನ ಕೊನೆಯ ಪ್ರೂಫ್. ಅದರ ಮುಂದೆ ಉಪಸಂಪಾದಕಿ. ಐವತ್ತು ದಾಟಿದವಳು, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಅದನ್ನೇ ಹುಡುಕುವ ಪೈಕಿ. ಅವಳ ಪೆನ್ನು ಬಹಳ ಹೊತ್ತಿನಿಂದ ಒಂದೇ ಕಡೆ ನಿಂತಿದೆ. ಆ ಕಡೆ ಹೀಗಿದೆ:

ಮುದುಕಿಮಂಡಿ: ಮೊಣಕಾಲೆತ್ತರ ಬೆಳೆಯುವ ಪೊದೆ. ಕಾಂಡದ ಗೆಣ್ಣುಗಳು ಊದಿಕೊಂಡಿರುತ್ತವೆ. ಎಲೆ ಕಹಿ. ವಯಸ್ಸಾದ ಹೆಂಗಸರ ಮಂಡಿನೋವಿಗೆ ಹಚ್ಚುತ್ತಿದ್ದುದರಿಂದ ಈ ಪ್ರಾಚೀನ ಹೆಸರು.

ಅವಳ ತಕರಾರೆಲ್ಲ ಕೊನೆಯ ವಾಕ್ಯದ ಮೇಲೆ. ಯಾಕೆಂದರೆ ಮುದುಕಿಮಂಡಿ ಎಂದು ಕರೆಯುತ್ತಿದ್ದದ್ದು ಆ ಗಿಡವನ್ನಷ್ಟೇ ಅಲ್ಲ, ಅವಳ ಅಮ್ಮನನ್ನೂ. ಚಿಕ್ಕವಳಿದ್ದಾಗ ಅಮ್ಮನ ಕೈಹಿಡಿದು ರಸ್ತೆಯಲ್ಲಿ ಹೋಗುವಾಗ ಯಾರದೋ ಕಾಂಪೌಂಡಿನ ಹಿಂದಿನಿಂದ ‘ಮುದುಕಿಮಂಡಿ ಬಂತು’ ಎಂದು ಕೇಳಿಸುತ್ತಿತ್ತು. ಅಮ್ಮ ತಿರುಗಿ ನೋಡುತ್ತಿರಲಿಲ್ಲ. ಮುಂದೆ ಶಾಲೆಯಲ್ಲಿ ಟೀಚರು ಕುಂಡದ ಗಿಡ ತೋರಿಸಿ ಇದರ ಹೆಸರು ಮುದುಕಿಮಂಡಿ ಎಂದಾಗ ಇಡೀ ಕ್ಲಾಸು ಗಿಡವನ್ನು ಬಿಟ್ಟು ಇವಳನ್ನು ನೋಡಿತು.

ಹಾಗಾದರೆ ಗಿಡದ ಹೆಸರನ್ನು ಅಮ್ಮನಿಗೆ ಇಟ್ಟರೋ, ಅಮ್ಮನಿಗಿಟ್ಟ ಹೆಸರನ್ನು ಗಿಡಕ್ಕೆ ಅಂಟಿಸಿದರೋ? ಅವಳಿಗೆ ಗೊತ್ತಾಗಬೇಕಾದದ್ದು ಇಷ್ಟೇ. ಅದೂ ಪುಸ್ತಕ ಅಚ್ಚಿಗೆ ಹೋಗುವುದರೊಳಗೆ.

(ಮೊದಲು ಇಲ್ಲಿ ಕಿಟಕಿಯಾಚೆ ಅದೇ ಗಿಡವನ್ನು ನೆಟ್ಟಿದ್ದೆ. ಕಿತ್ತುಹಾಕಿದ್ದೇನೆ. ಕಥೆಗೆ ಬೇಕಾದ ಗಿಡ ಸರಿಯಾಗಿ ಕಿಟಕಿಯ ಆಚೆಗೇ ಹುಟ್ಟುವುದು ಕಥೆ ಬರೆಯುವವರ ಸೋಮಾರಿತನ. ಕಿಟಕಿಯಾಚೆ ಇರುವುದು ಪಕ್ಕದ ಕಟ್ಟಡದ ಪೈಪು.)

೨

ಪ್ರಧಾನ ಸಂಪಾದಕರನ್ನು ಆಫೀಸಿನಲ್ಲಿ ಎಲ್ಲರೂ ದೊಡ್ಡವರು ಎನ್ನುತ್ತಾರೆ. ಈ ನಿಘಂಟಿಗೆ ಅವರು ಮಾಡಿದ ಒಂದು ನಿಯಮವಿದೆ: ಎರಡು ಬಾಯಿ. ಯಾವ ಮಾತೇ ಆಗಲಿ, ಅದರ ಮೂಲವೇ ಆಗಲಿ, ಎರಡು ಬೇರೆ ಬೇರೆ ಮನೆಯ ಇಬ್ಬರ ಬಾಯಿಂದ ಬಂದರೆ ಮಾತ್ರ ಪುಸ್ತಕದೊಳಕ್ಕೆ ಪ್ರವೇಶ. ಒಂದೇ ಮನೆಯವರಾದರೆ ಹತ್ತು ಜನ ಹೇಳಿದರೂ ಒಂದೇ ಬಾಯಿ. ಒಂದು ಮನೆಯವರು ಒಂದೇ ಸುಳ್ಳನ್ನು ಹಂಚಿಕೊಂಡು ತಿನ್ನುತ್ತಾರೆ ಎಂಬುದು ಅವರ ಅನುಭವ.

ಅವಳು ಪ್ರೂಫ್ ಹಿಡಿದು ಒಳಗೆ ಹೋದಾಗ ದೊಡ್ಡವರು ಮಾತಿಗೆ ಮೊದಲು ಟೇಬಲ್ ಫ್ಯಾನಿನ ಕತ್ತನ್ನು ಅವಳ ಕಡೆ ತಿರುಗಿಸಿದರು. ಯಾರು ಬಂದರೂ ಹಾಗೆ ಮಾಡುತ್ತಾರೆ. ತಮ್ಮ ಬೆವರನ್ನು ಕರ್ಚೀಫಿನಿಂದ ಒರೆಸಿಕೊಳ್ಳುತ್ತಾರೆ.

“ಇದರ ಮೂಲ ಸರಿಯಿಲ್ಲ ಸರ್.”

“ಯಾಕಮ್ಮ? ಈ ಗಿಡದ ಮಂಡಿನೋವಿನ ಎಣ್ಣೆ ಬಾಟ್ಲಿ ಮೇಲೂ ಹಾಗೇ ಇದೆಯಲ್ಲ.”

“ಬಾಟ್ಲಿದು ಒಂದು ಬಾಯಿ ಅಂತ ಲೆಕ್ಕಾನಾ ಸರ್?”

ದೊಡ್ಡವರು ನಕ್ಕರು. “ಚುಚ್ಚೋದು ನಿಮ್ಮಿಂದ ಕಲೀಬೇಕು. ನೋಡಿ, ನನ್ನ ಮನಸ್ಸಲ್ಲಿ ಇದು ತುಂಬ ಹಳೇ ಹೆಸರು. ಹಿಂದಿನ ಕಾಲದಲ್ಲಿ ಮುದುಕೀರು ಮೊಮ್ಮಕ್ಕಳ ಕೈಲಿ ಎಲೆ ತರಿಸಿಕೊಂಡು, ಅರೆದು, ಮಂಡಿಗೆ ಕಟ್ಕೊಂಡು ಬಿಸಿಲಲ್ಲಿ ಕೂತಿರೋರು. ಎಷ್ಟು ಚೆಂದ ಇದೆ ಚಿತ್ರ.”

“ಚೆಂದ ಇದೆ ಸರ್. ನೋಡಿದೋರು ಯಾರು?”

“ನಿಮ್ಮ ಹತ್ರ ಬೇರೆ ಏನಾದ್ರೂ ಇದ್ಯಾ?”

ಇದೆ ಎಂದು ಅವಳು ಹೇಳಲಿಲ್ಲ. ಹೇಳಿದರೆ ಅಮ್ಮನ ಕೆಲಸವನ್ನೂ ಹೇಳಬೇಕು. ಅಷ್ಟು ವರ್ಷ ಜೊತೆಗೆ ಕೂತು ಚಹಾ ಕುಡಿದ ಆಫೀಸಿನಲ್ಲಿ ಆ ವಿಷಯ ಎಂದೂ ಬಂದಿರಲಿಲ್ಲ. ಅವಳೇ ಬರಗೊಟ್ಟಿರಲಿಲ್ಲ.

“ಶುಕ್ರವಾರ ಪ್ರೆಸ್ಸಿಗೆ ಹೋಗುತ್ತೆ,” ಎಂದರು ದೊಡ್ಡವರು. “ಅಷ್ಟರಲ್ಲಿ ಎರಡು ಬಾಯಿ ತನ್ನಿ, ನನ್ನ ಮುದುಕೀರನ್ನ ಬಿಸಿಲಿಂದ ಎಬ್ಬಿಸಿ ಕಳಿಸ್ತೀನಿ.”

೩ (ಇದನ್ನು ಬರೆಯುವಾಗ ಉಪಸಂಪಾದಕಿ ತಡೆದಳು)

“ನಮ್ಮಮ್ಮನ್ನ ಹೇಗೆ ತೋರಿಸ್ತೀರಿ?” ಎಂದು ಕೇಳಿದಳು.

ಸಹನಾಮೂರ್ತಿಯಾಗಿ, ಎಂದೆ.

“ಬೇಡಿ. ಅಮ್ಮ ಸಹನಾಮೂರ್ತಿ ಅಲ್ಲ. ಬಾಯಿ ಬಿಟ್ರೆ ಬೆಂಕಿ. ಅವಳ ಮೇಲೆ ಮರುಕ ಹುಟ್ಟಿಸಿದ್ರೆ ನಾನು ಈ ಕಥೆಯಿಂದ ಎದ್ದು ಹೋಗ್ತೀನಿ.”

ಬರೆದಿಟ್ಟಿದ್ದ ಒಂದು ಕಣ್ಣೀರಿನ ಪ್ಯಾರಾ ಹಾಗೆ ದಂಡವಾಯಿತು. ಅದರಲ್ಲಿ ಎರಡು ಒಳ್ಳೆಯ ವಾಕ್ಯಗಳಿದ್ದವು.

೩

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಈಗ ಆ ಕುರ್ಚಿಯಿಂದ ಮಂಚ, ಮಂಚದಿಂದ ಕುರ್ಚಿ. ಅಷ್ಟೇ ಅವಳ ಓಡಾಟ. ಅದಕ್ಕೂ ಗೋಡೆ ಬೇಕು, ಗೋಡೆ ಸಿಗದ ಕಡೆ ಮಗಳ ಭುಜ ಬೇಕು.

ಅಮ್ಮ ಹರೆಯದಲ್ಲಿ ಒಂದು ದೊಡ್ಡ ಮನೆಯ ನೆಲ ಒರೆಸುತ್ತಿದ್ದಳು. ಆ ಮನೆಯ ಯಜಮಾನರು ಹಿತ್ತಲಲ್ಲಿ ಸಸಿಗಳನ್ನು ಬೆಳೆಸಿ ಮಾರುತ್ತಿದ್ದವರು. ತೋಟದ ಮಣ್ಣೆಲ್ಲ ಕಾಲಿಗಂಟಿ ಒಳಗೆ ಬರುತ್ತಿತ್ತು. ನಿಂತು ಒರೆಸಿದರೆ ಕಲ್ಲಿನ ಸಂದಿನ ಕೊಳೆ ಹೋಗುವುದಿಲ್ಲವೆಂದು ಮಂಡಿಯೂರಿಯೇ ಒರೆಸಬೇಕೆಂಬುದು ಆ ಮನೆಯ ಕ್ರಮ. ವರಾಂಡದಿಂದ ಶುರುವಾದರೆ ಹಿತ್ತಲ ಬಾಗಿಲವರೆಗೆ ಮಂಡಿಯ ಮೇಲೆಯೇ ಪ್ರಯಾಣ.

“ಅಮ್ಮ, ಆ ಹೆಸರು ಗಿಡಕ್ಕೆ ಮೊದಲು ಇತ್ತೋ, ನಿನಗೆ ಮೊದಲು ಇಟ್ಟಿದ್ದೋ?”

ಅಮ್ಮ ಕೈಯಲ್ಲಿದ್ದ ಎಸಳನ್ನು ಸುಲಿದು ಮುಗಿಸಿದಳು. “ಯಾಕೆ, ಸಂಬಳ ಕೊಟ್ಟು ಇದನ್ನೇ ಕೇಳಿಸ್ತಾರಾ ನಿಮ್ಮ ಆಫೀಸಲ್ಲಿ?”

“ಹೇಳಮ್ಮ.”

“ನನಗೇನು ಗೊತ್ತೇ. ಕರೆದ್ರು. ಯಾವುದು ಮೊದಲು ಅಂತ ವಿಚಾರಿಸ್ಕೊಂಡು ಕೂರೋಕೆ ನನಗೇನು ಪುರುಸೊತ್ತಿತ್ತಾ? ವರಾಂಡ ಇನ್ನೂ ಹಾಗೇ ಇತ್ತು.”

“ಕರೆದೋರು ಯಾರು?”

“ಮಕ್ಕಳು. ಆ ಮನೇಲಿ ತುಂಬ ಮಕ್ಕಳು. ಪುಟ್ಟಿ ಅಂತ ಒಬ್ಬಳಿದ್ಲು, ಅವಳ ಕೇಳು. ಅವಳಿಗೆ ಎಲ್ಲ ನೆನಪಿರುತ್ತೆ.” ಆಮೇಲೆ, ಬೆಳ್ಳುಳ್ಳಿ ತಟ್ಟೆಯನ್ನು ಮಗಳ ಕೈಗೆ ಕೊಡುತ್ತ, “ನನಗೆ ಆಗ ಮೂವತ್ತೂ ತುಂಬಿರ್ಲಿಲ್ಲ,” ಎಂದಳು. ತುಂಬಿದ್ದರೆ ಅಷ್ಟು ಬೇಸರವಿರಲಿಲ್ಲ ಎನ್ನುವಂತೆ.

೪

ಪುಟ್ಟಿ ಎಂಬಾಕೆಗೆ ಈಗ ಮೊಮ್ಮಕ್ಕಳಿದ್ದಾರೆ. ಲಿಫ್ಟಿರುವ ಕಟ್ಟಡದಲ್ಲಿ ಮನೆ. ಬಾಗಿಲನ್ನು ತಾವೇ ತೆರೆದರು.

(ಇವರನ್ನು ಕೆಟ್ಟವರನ್ನಾಗಿ ಮಾಡಲು ಎರಡು ಡ್ರಾಫ್ಟ್ ಖರ್ಚು ಮಾಡಿದ್ದೇನೆ. ಒಂದರಲ್ಲಿ ಕೀರಲು ದನಿ ಕೊಟ್ಟೆ. ಇನ್ನೊಂದರಲ್ಲಿ ಉಪಸಂಪಾದಕಿಯನ್ನು ಬಾಗಿಲಲ್ಲೇ ನಿಲ್ಲಿಸಿದೆ. ಎರಡೂ ಸಲ ಆಕೆ ಒಪ್ಪದೆ, ಮೆಲ್ಲಗೆ, ‘ಒಳಗೆ ಬನ್ನಿ, ಬಿಸಿಲಲ್ಲಿ ಬಂದಿದೀರಿ’ ಎಂದುಬಿಟ್ಟರು. ಏನು ಮಾಡಲಿ?)

“ಒಳಗೆ ಬನ್ನಿ, ಬಿಸಿಲಲ್ಲಿ ಬಂದಿದೀರಿ. ಸೋಫಾ ಬೇಡ, ಅದು ತೀರಾ ತಗ್ಗು, ಏಳೋಕೆ ಕಷ್ಟ. ಈ ಕುರ್ಚಿ ತಗೊಳ್ಳಿ. ನನಗೂ ಮಂಡಿ ಆಪರೇಶನ್ ಆಗಿದೆ, ಅದಕ್ಕೇ ಇದೆಲ್ಲ ಗೊತ್ತು.”

ನೀರು ಕೊಟ್ಟರು. ಲೋಟದ ಹೊರಗಿನ ಪಸೆಯನ್ನು ಸೆರಗಿನಿಂದ ಒರೆಸಿ ಕೊಟ್ಟರು. ಉಪಸಂಪಾದಕಿ ತಾನು ನಿಘಂಟಿನ ಆಫೀಸಿನವಳೆಂದೂ, ಒಂದು ಗಿಡದ ಹೆಸರಿನ ಬಗ್ಗೆ ಕೇಳಲು ಬಂದಿರುವುದಾಗಿಯೂ ಹೇಳಿದಳು. ಎರಡು ಬಾಯಿಯ ನಿಯಮವನ್ನೂ ವಿವರಿಸಿದಳು. ಅಮ್ಮನ ವಿಷಯ ಎತ್ತಲಿಲ್ಲ.

ಗಿಡದ ಹೆಸರು ಕೇಳಿದ್ದೇ ಆಕೆಯ ಮುಖ ಅರಳಿತು.

“ಅಯ್ಯೋ, ಅದನ್ನ ಇಟ್ಟಿದ್ದೇ ನಾನು!”

“ನೀವಾ?”

“ನಾನೇ ಕಣ್ರೀ. ಅಪ್ಪ ಆ ಗಿಡಾನ ಎಲ್ಲಿಂದಲೋ ತರಿಸಿದ್ರು. ಅದಕ್ಕೊಂದು ಉದ್ದನೆ ಶಾಸ್ತ್ರದ ಹೆಸರು, ನಾಲಗೆ ಹೊರಳ್ತಾ ಇರ್ಲಿಲ್ಲ. ಕುಂಡಕ್ಕೆ ಸಿಗಿಸೋ ತಗಡಿನ ಮೇಲೆ ಹೆಸರು ಬರೆಯೋದು ನನ್ನ ಕೆಲಸ. ನನ್ನ ಅಕ್ಷರ ಚೆನ್ನಾಗಿತ್ತು. ನಮ್ಮ ಮನೇಲಿ ನೆಲ ಒರೆಸೋಕೆ ಒಬ್ಬಳು ಬರ್ತಿದ್ಲು. ಅವಳ ಮಂಡಿ ನೋಡ್ಬೇಕಿತ್ತು ನೀವು, ಥೇಟು ಆ ಗೆಣ್ಣು. ನಾವೆಲ್ಲ ಅವಳನ್ನ ಮುದುಕಿಮಂಡಿ ಅಂತಿದ್ವಿ. ಅವಳಿಗೆ ವಯಸ್ಸೇನೂ ಆಗಿರ್ಲಿಲ್ಲ, ಪಾಪ. ಮಂಡಿಗೆ ಮಾತ್ರ ಆಗಿತ್ತು. ಒಂದಿನ ತಗಡಿನ ಮೇಲೆ ಅದನ್ನೇ ಬರೆದುಬಿಟ್ಟೆ, ತಮಾಷೆಗೆ. ಅಪ್ಪ ನಕ್ಕು ಹಾಗೇ ಬಿಟ್ರು. ಸಸಿ ಕೊಂಡೋರು ತಗಡನ್ನೂ ತಗೊಂಡು ಹೋದ್ರು.”

ಆ ಮನೆಯ ಕ್ರಮವೇ ಹಾಗೆ. ತಗಡು ಗಿಡದ್ದು, ಗಿಡ ಹೋದ ಕಡೆ ತಗಡು ಹೋಗಬೇಕು. ಶಾಲೆಗೆ ಹೋಯಿತು, ಪಾರ್ಕಿಗೆ ಹೋಯಿತು, ಔಷಧಿ ಮಾಡುವವರ ಹಿತ್ತಲಿಗೆ ಹೋಯಿತು. ಆ ಹೆಸರು ನೋಡಿದವರು ಇದು ಮಂಡಿನೋವಿನ ಮದ್ದೇ ಇರಬೇಕೆಂದು ಎಲೆ ಅರೆದು ಹಚ್ಚತೊಡಗಿದರು. ಆಮೇಲೆ ಎಣ್ಣೆ ಬಂತು, ಬಾಟಲಿಯ ಮೇಲೆ ನಗುವ ಅಜ್ಜಿಯ ಚಿತ್ರ ಬಂತು, ಕೊನೆಗೆ ಪ್ರಾಚೀನತೆಯೂ ಬಂತು. ಅದೇ ಎಣ್ಣೆಯನ್ನು ಉಪಸಂಪಾದಕಿ ವರ್ಷಗಳಿಂದ ಕೊಂಡುತಂದು ಅಮ್ಮನ ಮಂಡಿಗೆ ತಿಕ್ಕುತ್ತಿದ್ದಾಳೆ. ಗುಣವೇನೂ ಕಂಡಿಲ್ಲ.

“ನಿಘಂಟಲ್ಲಿ ನನ್ನ ಹೆಸರು ಬರುತ್ತಾ?” ಎಂದು ಆಕೆ ಕೇಳಿದರು. ಕೇಳುವಾಗ ತಗಡಿನ ಮೇಲೆ ಬರೆಯುತ್ತಿದ್ದ ಹುಡುಗಿಯೇ ಆಗಿದ್ದರು. “ಮೊಮ್ಮಕ್ಕಳಿಗೆ ತೋರಿಸ್ಬಹುದು. ಅಜ್ಜಿ ಒಂದು ಗಿಡಕ್ಕೆ ಹೆಸರಿಟ್ಟಿದ್ಲು ಅಂತ.”

“ಬರಬಹುದು.”

“ಅವಳು ಈಗ ಎಲ್ಲಿದ್ದಾಳೋ, ಇದ್ದಾಳೋ ಇಲ್ವೋ...”

“ನಮ್ಮ ಮನೇಲಿದ್ದಾಳೆ,” ಎಂದಳು ಉಪಸಂಪಾದಕಿ. “ನಮ್ಮಮ್ಮ.”

ಗಡಿಯಾರದ ಸದ್ದು ಕೇಳಿಸಿತು ಎಂದು ಬರೆಯುವ ಜಾಗ ಇದು. ಆ ಮನೆಯಲ್ಲಿ ಸದ್ದು ಮಾಡುವ ಗಡಿಯಾರವಿರಲಿಲ್ಲ. ಆಕೆ ಎದ್ದು ಬಂದು ಇವಳ ಕೈ ಹಿಡಿದುಕೊಂಡರು. ಕಣ್ಣು ತುಂಬಿತ್ತು. ಅದು ನಟನೆಯಲ್ಲ, ನನಗೆ ಗೊತ್ತು.

“ಅವಳು... ಅವರು ಚೆನ್ನಾಗಿದಾರಾ? ನಾವು ತುಂಬ ಪ್ರೀತಿಯಿಂದಲೇ ಕರೀತಿದ್ವಿ ಕಣಮ್ಮ.”

“ಗೊತ್ತು,” ಎಂದಳು ಇವಳು.

ಆಕೆ ಕೈ ಬಿಡಲಿಲ್ಲ. ಆಮೇಲೆ, ನಿಜವಾಗಿಯೂ ಸಹಾಯ ಮಾಡುವ ಮನಸ್ಸಿನಿಂದ, “ಹಾಗಾದ್ರೆ ನಿಮಗೆ ಎರಡನೇ ಬಾಯಿನೂ ಮನೇಲೇ ಸಿಕ್ತಲ್ಲ,” ಎಂದರು.

೫

ನಿಯಮದ ಪ್ರಕಾರ ಆಕೆ ಹೇಳಿದ್ದು ಸರಿ. ಪುಟ್ಟಿ ಒಂದು ಮನೆ, ಅಮ್ಮ ಇನ್ನೊಂದು ಮನೆ. ಅಮ್ಮನ ಮಂಡಿ ಅಷ್ಟು ವರ್ಷ ಆ ಮನೆಯದ್ದಾಗಿತ್ತು, ಬಾಯಿ ಮಾತ್ರ ಈ ಮನೆಯದ್ದು ಎಂಬುದನ್ನು ದೊಡ್ಡವರ ನಿಯಮ ಗಮನಿಸುವುದಿಲ್ಲ.

ಅಮ್ಮ ಒಪ್ಪಿದರೆ ಮುದುಕಿಯರು ಬಿಸಿಲಿನಿಂದ ಎದ್ದು ಹೋಗುತ್ತಾರೆ. ಸುಳ್ಳು ಹೋಗಿ ನಿಜ ಬರುತ್ತದೆ. ಬರುವ ನಿಜ ಹೀಗಿರುತ್ತದೆ: ‘ಸಸಿ ವ್ಯಾಪಾರಿಯೊಬ್ಬರ ಮಗಳು ಬಾಲ್ಯದಲ್ಲಿ ಇಟ್ಟ ಹೆಸರು.’ ಜೊತೆಗೆ ಆಕೆಯ ಹೆಸರು. ನಿಘಂಟಿನಲ್ಲಿ ಮೂಲಕ್ಕೆ ಸಿಗುವುದು ಒಂದೇ ಸಾಲು. ಆಡಿಕೊಂಡವರಿಗೆ ಸಾಲು ಸಿಗುತ್ತದೆ, ಆಡಿಸಿಕೊಂಡವಳಿಗೆ ಗಿಡವಿದೆಯಲ್ಲ!

(ಆಶ್ಚರ್ಯಸೂಚಕ ಚಿಹ್ನೆ ನನ್ನದು. ಉಪಸಂಪಾದಕಿ ಅದನ್ನು ಹೊಡೆದುಹಾಕಿದ್ದಳು, ನಾನು ಮತ್ತೆ ಹಾಕಿದೆ.)

“ಪುಟ್ಟಿ ಹೇಗಿದ್ದಾಳೆ?” ಅಮ್ಮ ಕೇಳಿದಳು.

“ಚೆನ್ನಾಗಿದಾರೆ. ಮಂಡಿ ಆಪರೇಶನ್ ಆಗಿದೆ.”

“ಅವಳಿಗ್ಯಾಕೆ? ಅವಳೇನು ಒರೆಸಿದ್ಲು?” ಎಂದು ಅಮ್ಮ ನಕ್ಕಳು. ಮಗಳು ನಗಲಿಲ್ಲ. ಕೇಳಿಬಂದದ್ದನ್ನೆಲ್ಲ ಹೇಳಿದಳು. ತಗಡು, ತಮಾಷೆ, ಪುಟ್ಟಿಯ ಅಪ್ಪನ ನಗು. ಅಮ್ಮ ತಲೆಯಾಡಿಸುತ್ತ ಕೇಳಿದಳು, ಯಾರದೋ ಮನೆಯ ಸುದ್ದಿ ಕೇಳುವ ಹಾಗೆ.

“ಹಾಗಾದ್ರೆ ನನಗೇ ಮೊದಲು ಇಟ್ಟಿದ್ದು.”

“ಹೌದು.”

“ಸರಿ ಬಿಡು. ಬರ್ಕೋ. ನನ್ನ ಬಾಯಿನೂ ಹಾಕ್ಕೋ. ಅವಳ ಹೆಸರೇ ಬರಲಿ.”

“ಅಮ್ಮ, ಅದು ನಿನ್ನನ್ನ ಆಡ್ಕೊಂಡಿದ್ದು.”

“ಆಡ್ಕೊಂಡ್ಲು. ಅವರಮ್ಮ ಅತ್ತ ಹೋದಾಗ ಗೋಣಿಚೀಲ ಮಡಚಿ ನನ್ನ ಮಂಡಿ ಕೆಳಗೆ ಹಾಕಿದೋಳೂ ಅವಳೇ. ಅವರಮ್ಮ ಬರೋ ಸದ್ದಾದ್ರೆ ಓಡಿಬಂದು ಎಳ್ಕೊಂಡು ಹೋಗಿ ಬಚ್ಚಿಡ್ತಿದ್ಲು. ಮಿಕ್ಕೋರು ಆಡ್ಕೊಂಡಿದ್ದಷ್ಟೇ.”

“ಒಂದು ಗೋಣಿಗೆ ಎಲ್ಲ ಮಾಫಾ?”

“ಮಾಫ್ ಅಂತ ಯಾರೇ ಅಂದಿದ್ದು? ಎರಡೂ ಮಾಡಿದ್ಲು ಅಂದೆ.” ಅಮ್ಮನ ದನಿ ಏರಿತು. “ನೀನು ಓದಿದೋಳು, ನಿನಗೆ ಒಂದು ಸಾಲಲ್ಲಿ ಒಂದೇ ಬೇಕು. ಹೋಗ್ಲಿ, ನನ್ನ ಮಂಡಿ ಯಾಕೆ ಊದಿತ್ತು ಅಂತಾನೂ ಹಾಕ್ತೀಯಾ ನಿನ್ನ ಪುಸ್ತಕದಲ್ಲಿ?”

“ಅಷ್ಟು ಜಾಗ ಇರಲ್ಲಮ್ಮ.”

“ಮತ್ತೆ? ಪುಟ್ಟಿ ಸಾಲೇ ಸಾಕು ಬಿಡು.”

ಆಮೇಲೆ ಅಮ್ಮ ಕಿಟಕಿಯ ಕಡೆ ನೋಡುತ್ತ, ಮೆತ್ತಗೆ ಕೇಳಿದಳು: “ನಿನ್ನ ಆಫೀಸಿನೋರಿಗೆ ನಾನು ಯಾರು ಅಂತ ಗೊತ್ತಾ?”

ಇದಕ್ಕೆ ಉಪಸಂಪಾದಕಿ ಕೊಟ್ಟ ಉತ್ತರವನ್ನು ನಾನು ಬರೆದಿದ್ದೆ. ಅವಳ ಕೋರಿಕೆಯ ಮೇರೆಗೆ ತೆಗೆದಿದ್ದೇನೆ.

೬: ಕೊನೆಗಳು

(ಅ) ಅವಳು ಪುಟ್ಟಿಯ ಹೆಸರನ್ನು ಸೇರಿಸುತ್ತಾಳೆ. ಪುಸ್ತಕದ ಬಿಡುಗಡೆಗೆ ಆಕೆಯನ್ನು ಕರೆಯುತ್ತಾರೆ. ಆಕೆ ಒಂದು ಕುಂಡ ಹಿಡಿದು ವೇದಿಕೆ ಹತ್ತುತ್ತಾರೆ. ಮಂಡಿ ನೋಯುವುದರಿಂದ ದೊಡ್ಡವರು ಕೈಕೊಟ್ಟು ಹತ್ತಿಸುತ್ತಾರೆ. ಚಪ್ಪಾಳೆ. ಅಮ್ಮ ಮನೆಯಲ್ಲಿ ಕುರ್ಚಿಯಿಂದ ಮಂಚಕ್ಕೆ ಹೋಗಲು ಮಗಳ ಭುಜ ಬರುವುದನ್ನೇ ಕಾಯುತ್ತಿದ್ದಾಳೆ.

(ಆ) ಅವಳು ಏನೂ ತಿದ್ದುವುದಿಲ್ಲ. ಮುದುಕಿಯರು ಬಿಸಿಲಲ್ಲೇ ಕೂತಿರುತ್ತಾರೆ. ಸುಳ್ಳಾದರೇನು, ಆ ಮುದುಕಿಯರಿಗೆ ಎಲೆ ತಂದುಕೊಡಲು ಮೊಮ್ಮಕ್ಕಳಾದರೂ ಇದ್ದಾರೆ. ಕೂರಲು ಪುರುಸೊತ್ತಿದೆ.

(ಇ) ‘ಮೂಲ ತಿಳಿದಿಲ್ಲ’ ಎಂದು ಹಾಕುತ್ತಾಳೆ. ತಿಳಿದವಳೇ ತಿಳಿದಿಲ್ಲ ಎಂದು ಬರೆದು, ಸಹಿ ಮಾಡಿ, ಚಹಾ ಕುಡಿಯಲು ಹೋಗುತ್ತಾಳೆ. ಈ ಕೊನೆ ನನಗೆ ಇಷ್ಟ. ಅವಳಿಗೆ ಇಷ್ಟವೋ ಇಲ್ಲವೋ ಹೇಳಲಿಲ್ಲ.

(ಈ) ಓದುಗರಿಗೆ ಇಷ್ಟವಾಗುವಂಥದ್ದು. ಪುಟ್ಟಿ ಒಂದು ದಿನ ಹುಡುಕಿಕೊಂಡು ಬಂದು ಅಮ್ಮನ ಎದುರು ಮಂಡಿಯೂರುತ್ತಾರೆ. ಬರೆದ ಮೇಲೆ ನನಗೇ ನಾಚಿಕೆಯಾಯಿತು. ಆಪರೇಶನ್ ಆದ ಮಂಡಿಯನ್ನು ಹಾಗೆ ಊರಲು ಡಾಕ್ಟರು ಬಿಡುವುದೂ ಇಲ್ಲ. ಹಣ್ಣು ಕಳಿಸಿದರು, ಅದು ನಿಜ. ಡ್ರೈವರ್ ತಂದುಕೊಟ್ಟ. ಅಮ್ಮ ತಿಂದಳು, ಚೆನ್ನಾಗಿದೆ ಎಂದಳು, ಬುಟ್ಟಿಯನ್ನು ತೊಳೆದು ವಾಪಸು ಕಳಿಸಲು ಹೇಳಿದಳು.

೭

ಶುಕ್ರವಾರ ಅವಳು ಪ್ರೂಫ್ ಕಳಿಸಿದಳು. ಅದಾದ ಮೇಲೆ ನಾನು ಬರೆದ ಇಷ್ಟನ್ನೂ ಅವಳಿಗೆ ಓದಲು ಕೊಟ್ಟೆ. ಎದುರಿಗೆ ಕೂತು ಓದಿದಳು. ಅಭ್ಯಾಸಬಲದಿಂದ ಎರಡು ಕಡೆ ಅಲ್ಪವಿರಾಮ ಹಾಕಿದಳು. ಆ ಎರಡೂ ಬೇಕಾಗಿದ್ದವು.

“ಇದನ್ನ ಅಚ್ಚು ಹಾಕಿಸ್ತೀರಾ?”

“ಹಾಕಿಸೋಣ ಅಂತ.”

“ನಾನು ಇಷ್ಟೆಲ್ಲ ಒದ್ದಾಡಿದ್ದು ಅಮ್ಮನ ಮಂಡಿ ಒಂದು ಸಾಲಲ್ಲಿ ಬರಬೇಕೋ ಬೇಡವೋ ಅಂತ. ನೀವು ಪುಟಗಟ್ಟಲೆ ಬರೆದಿದೀರಿ.”

“ಯಾಕೆ ಊದಿತು ಅಂತಲೂ ಬರೆದಿದ್ದೇನಲ್ಲ. ಅದಕ್ಕೆ ನಿಮ್ಮಲ್ಲಿ ಜಾಗ ಇರಲಿಲ್ಲ.”

“ಜಾಗ ಇದೆ ಅಂತ ಕೇಳದೆ ಬರೆಯೋದಾ?”

“ಬೇಕಾದ್ರೆ ಗಿಡಕ್ಕೆ ಬೇರೆ ಹೆಸರು ಹಾಕ್ತೀನಿ,” ಎಂದೆ. “ಯಾರಿಗೂ ಗೊತ್ತಾಗಲ್ಲ.”

“ಹಾಕಿ. ಆಗ ಅದು ಇನ್ಯಾರದೋ ಅಮ್ಮನಿಗೆ ಅಂಟಿಕೊಳ್ಳುತ್ತೆ.”

ವಾದಕ್ಕೆ ನನ್ನಲ್ಲಿ ಇನ್ನೂ ಸರಕಿತ್ತು. ಕಹಿಯಾದದ್ದನ್ನು ಯಾರಾದರೂ ಬರೆದಿಡಬೇಕು ಎನ್ನುವುದೊಂದು. ಅಮ್ಮ ತಾನೇ ‘ಬರ್ಕೋ’ ಎಂದಿದ್ದಳು ಎನ್ನುವುದೊಂದು. ಎರಡನೆಯದನ್ನು ಹೇಳಿಯೇಬಿಟ್ಟೆ.

“ಅಮ್ಮ ನನಗೆ ಅಂದಿದ್ದು,” ಎಂದಳು. “ನಿಮಗಲ್ಲ.”

ಹಾಳೆಗಳನ್ನು ಅಂಚು ಕೂಡಿಸಿ, ಮೇಲೆ ಒಂದು ಪುಸ್ತಕ ಇಟ್ಟು, ಗಾಳಿಗೆ ಹಾರದ ಹಾಗೆ ಮಾಡಿ ಎದ್ದಳು. ಸಿಟ್ಟಿನಲ್ಲೂ ಅಷ್ಟು ಮಾಡಿದಳು.

“ಒಂದು ಮಾತು,” ಎಂದು ಕೇಳಿದೆ. “ಕೊನೆಗೆ ಪ್ರೂಫಲ್ಲಿ ಏನು ಹಾಕಿದಿರಿ? ಅ, ಆ, ಇ?”

ಅವಳು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

“ನಿಮಗೆ ಹೇಳಲ್ಲ,” ಎಂದಳು. “ಹೇಳಿದ್ರೆ ನೀವು ಬರೀತೀರಿ.”

ನಿಘಂಟು ಹೊರಬಂದು ಬಹಳ ದಿನವಾಯಿತು. ಲೈಬ್ರರಿಯಲ್ಲಿ ಕೈಗೆಟಕುವ ಎತ್ತರದಲ್ಲೇ ಇದೆ. ಆ ಕಪಾಟಿನ ಮುಂದೆ ನಿಂತಿದ್ದೇನೆ, ಬೆನ್ನಿನ ಚಿನ್ನದ ಅಕ್ಷರಗಳನ್ನು ಓದಿದ್ದೇನೆ, ತೆಗೆದಿಲ್ಲ. ನೀವು ತೆಗೆದು ನೋಡುವುದಾದರೆ ನೋಡಿ, ಯಾರೂ ತಡೆಯುವುದಿಲ್ಲ. ನನಗೆ ಮಾತ್ರ ಬಂದು ಹೇಳಬೇಡಿ. ನಾನು ಇನ್ನೂ ಬರೆಯುತ್ತಿದ್ದೇನೆ.